ಸೋಯಾ ಹಾಲು: ನೊರೆ ಉಕ್ಕಿತೆಂದು ಒಲೆ ಆರಿಸಬೇಡಿ

ಮನೆಯಲ್ಲೇ ಸೋಯಾ ಹಾಲು ಮಾಡಿ ಕುಡಿದವರಲ್ಲಿ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ, ಭೇದಿ ಹಿಡಿಯುತ್ತದೆ. ‘ಸೋಯಾ ನಮಗೆ ಆಗಿಬರಲ್ಲ’ ಎಂದು ಉಳಿದ ಕಾಳನ್ನು ಡಬ್ಬಿಯಲ್ಲೇ ಬಿಟ್ಟುಬಿಡುತ್ತಾರೆ. ಬಹಳ ಸಲ ತಪ್ಪು ಕಾಳಿನದಲ್ಲ, ಕುದಿಸಿದ್ದು ಸಾಲದೆ ಹೋಗಿರುತ್ತದೆ.

ತಿಂದ ಪ್ರೋಟೀನನ್ನು ಸಣ್ಣ ಕರುಳಿನಲ್ಲಿ ತುಂಡರಿಸುವ ಮುಖ್ಯ ಕಿಣ್ವ ಟ್ರಿಪ್ಸಿನ್. ಮೇದೋಜೀರಕ ಗ್ರಂಥಿಯಿಂದ ಬರುವ ಉಳಿದ ಪ್ರೋಟೀನ್ ಕಿಣ್ವಗಳನ್ನು ಎಬ್ಬಿಸುವುದೂ ಇದೇ. ಹಸಿ ಸೋಯಾದೊಳಗೆ ಈ ಟ್ರಿಪ್ಸಿನ್ನಿಗೇ ಅಂಟಿಕೊಂಡು ಅದರ ಕೈಕಟ್ಟುವ ಪ್ರೋಟೀನ್‌ಗಳಿವೆ. ಟ್ರಿಪ್ಸಿನ್ ನಿಂತರೆ ಅದರ ಹಿಂದಿನ ಸಾಲೂ ನಿಲ್ಲುತ್ತದೆ. ಕರುಳಿನಲ್ಲಿ ಟ್ರಿಪ್ಸಿನ್ ಸಾಲದಾದಾಗ ಗ್ರಂಥಿ ಇನ್ನಷ್ಟು ಕಿಣ್ವ ಸುರಿಸುತ್ತದೆ. ಹಸಿ ಸೋಯಾ ತಿಂದ ಇಲಿ, ಕೋಳಿಮರಿಗಳಲ್ಲಿ ಗ್ರಂಥಿಯೇ ದಪ್ಪವಾಗುತ್ತದೆ. ಕಿಣ್ವಗಳೂ ಪ್ರೋಟೀನೇ ಆದ್ದರಿಂದ ಹೀಗೆ ಸುರಿದದ್ದು ಮಲದಲ್ಲಿ ಹೋದರೆ ದೇಹಕ್ಕೆ ನಷ್ಟ. ಹಸಿ ಸೋಯಾ ಮೇಲೆ ಇಲಿಗಳು ಸರಿಯಾಗಿ ಬೆಳೆಯುವುದಿಲ್ಲ, ಬೇಯಿಸಿ ಕೊಟ್ಟರೆ ಬೆಳೆಯುತ್ತವೆ ಎಂದು ಅಮೆರಿಕದ ವಿಜ್ಞಾನಿಗಳಾದ ಆಸ್ಬರ್ನ್ ಮತ್ತು ಮೆಂಡೆಲ್ 1917ರಲ್ಲೇ ತೋರಿಸಿದ್ದರು.

1. ಕಾಳು
ಬೀದರ್, ಬೆಳಗಾವಿ, ಧಾರವಾಡದ ಕಡೆ ಬೆಳೆಯುವ ಹಳದಿ ಸೋಯಾ ಅವರೆ ಸಾಕು. ಈ ಹಂಗಾಮಿನದ್ದಾಗಿರಲಿ, ಇಡಿಯಾಗಿರಲಿ. ಒಡೆದ ಕಾಳಿನ ಎಣ್ಣೆ ಬೇಗ ಕಮಟುತ್ತದೆ.

2. ನೆನೆಹಾಕುವುದು
100 ಗ್ರಾಂ ಕಾಳಿಗೆ ಅದರ ನಾಲ್ಕರಷ್ಟು ನೀರು, 8ರಿಂದ 10 ಗಂಟೆ. ಬೇಸಿಗೆಯಲ್ಲಿ 6–7 ಗಂಟೆ ಸಾಕು, ಮೀರಿದರೆ ನೀರಿನಲ್ಲಿ ನೊರೆ ಕಟ್ಟಿ ಹುಳಿವಾಸನೆ ಬರುತ್ತದೆ. ಒಂದು ಕಾಳನ್ನು ಬೇಳೆಯಾಗಿ ಬಿಡಿಸಿ ನೋಡಿ. ಒಳಮೈ ಸಮತಟ್ಟಾಗಿ ಒಂದೇ ಬಣ್ಣದ್ದಾಗಿರಬೇಕು. ನಡುವೆ ಗುಳಿ ಬಿದ್ದು ಗಾಢವಾಗಿದ್ದರೆ ನೀರು ಒಳಗೆ ಇಳಿದಿಲ್ಲ. ಚೆನ್ನಾಗಿ ನೆಂದ 100 ಗ್ರಾಂ ಕಾಳು 220 ಗ್ರಾಂ ಆಸುಪಾಸು ತೂಗುತ್ತದೆ. ನೆನೆದ ನೀರನ್ನು ಚೆಲ್ಲಿ.

ನೆನೆಹಾಕುವುದು ಮುಂದಿನ ಕೆಲಸಕ್ಕೂ ಬೇಕು. ಒಣ ಕಾಳಿಗಿಂತ ನೀರು ಕುಡಿದ ಕಾಳಿನಲ್ಲಿ ಕಿಣ್ವ ತಡೆಯುವ ಪ್ರೋಟೀನ್ ಬಿಸಿಗೆ ಬೇಗ ಕೆಡುತ್ತದೆ. ಆದರೆ ನೆನೆಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಮೊಳಕೆ ಕಟ್ಟಿದರೂ ಪೂರ್ತಿ ಹೋಗುವುದಿಲ್ಲ. ಸೋಯಾ ಮೊಳಕೆಯನ್ನು ಹಸಿಯಾಗಿ ಕೋಸಂಬರಿಗೆ ಹಾಕಬೇಡಿ.

3. ರುಬ್ಬುವುದು, ಸೋಸುವುದು
ಹಸಿವಾಸನೆ ಬೇಡವಾದರೆ ನೆನೆದ ಕಾಳನ್ನು ಕುದಿಯುವ ನೀರಿಗೆ ಹಾಕಿ 5 ನಿಮಿಷ ಬಿಟ್ಟು ಬಸಿದುಕೊಳ್ಳಿ. ಬಹಳ ಹೊತ್ತು ಬಿಟ್ಟರೆ ಪ್ರೋಟೀನ್ ಕಾಳಿನಲ್ಲೇ ಗಟ್ಟಿಯಾಗಿ ಹಾಲು ತೆಳುವಾಗುತ್ತದೆ. ಒಟ್ಟು 800 ಮಿಲಿಲೀಟರ್ ನೀರು ಹಾಕುತ್ತ ನುಣ್ಣಗೆ ರುಬ್ಬಿ. ಬಿಸಿ ಇರುವಾಗ ಮಿಕ್ಸಿ ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಆವಿ ಒತ್ತಿ ಮುಚ್ಚಳ ಹಾರುತ್ತದೆ. ತೆಳು ಬಟ್ಟೆಯಲ್ಲಿ ಹಿಂಡಿ.

4. ಕುದಿಸುವುದು
ಕೆಡುವುದೆಲ್ಲ ಇಲ್ಲೇ. 3 ಲೀಟರ್ ಹಿಡಿಯುವ, ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. ಉರಿ ಮಧ್ಯಮ. ಚಪ್ಪಟೆ ಸೌಟಿನಿಂದ ತಳ ಕೆರೆಯುತ್ತಲೇ ಇರಿ, ಸೋಯಾ ಹಾಲು ಹಸುವಿನ ಹಾಲಿಗಿಂತ ಬೇಗ ತಳ ಹಿಡಿಯುತ್ತದೆ. ಹಿಡಿದುಬಿಟ್ಟರೆ ಕೆರೆಯಲು ಹೋಗದೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಬಿಸಿ 80–85 ಡಿಗ್ರಿ ಮುಟ್ಟುತ್ತಿದ್ದಂತೆ ಬಿಳಿ ನೊರೆ ಒಮ್ಮೆಲೇ ಪಾತ್ರೆಯ ಅಂಚಿಗೆ ಏರುತ್ತದೆ. ಹಸುವಿನ ಹಾಲು ಕಾಯಿಸಿ ಅಭ್ಯಾಸವಾದ ಕೈ ತಾನಾಗಿ ಒಲೆ ಆರಿಸುತ್ತದೆ. ಆದರೆ ಅದು ಕುದಿಯಲ್ಲ. ಸೋಯಾದಲ್ಲಿರುವ ಸಪೋನಿನ್ ಎಂಬ, ಸಾಬೂನಿನಂತೆ ನೊರೆ ಎಬ್ಬಿಸುವ ವಸ್ತುವಿನ ಕೆಲಸ. ನೊರೆಯನ್ನು ಸೌಟಿನಿಂದ ಸರಿಸಿ ಕೆಳಗೆ ನೋಡಿ: ಹಾಲು ಸುಮ್ಮನೆ ನಿಂತಿರುತ್ತದೆ, ಅಂಚಿನಲ್ಲಿ ಮಾತ್ರ ಸಣ್ಣ ಗುಳ್ಳೆ. ಈಗ ಇಳಿಸಿದ ಹಾಲು ಬೆಂದಂತೆ ಕಾಣುತ್ತದೆ, ಒಳಗೆ ಅರೆಹಸಿ.

ಉರಿ ತಗ್ಗಿಸಿ, ನೊರೆ ಕೂರಲಿ. ಅರ್ಧ ಚಮಚ ಅಡುಗೆ ಎಣ್ಣೆ ಹಾಕಿದರೆ ಬೇಗ ಕೂರುತ್ತದೆ. ಮತ್ತೆ ಉರಿ ಏರಿಸಿ. ಹೀಗೆ ಎರಡು ಮೂರು ಸಲವಾಗಬಹುದು. ಆಮೇಲೆ ನಡುಭಾಗದಿಂದ ದೊಡ್ಡ ಗುಳ್ಳೆಗಳು ಹೊರಳಿ ಹೊರಳಿ ಬರುತ್ತವೆ, ಸೌಟು ಆಡಿಸಿದರೂ ನಿಲ್ಲುವುದಿಲ್ಲ. ಇದು ನಿಜವಾದ ಕುದಿ. ಗಡಿಯಾರ ನೋಡುವುದು ಈಗ: ಸಣ್ಣ ಉರಿಯಲ್ಲಿ, ಕುದಿ ತಪ್ಪದಂತೆ, 15ರಿಂದ 20 ನಿಮಿಷ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ತುಸು ಕೆಳಗೆ. ಅಲ್ಲೆಲ್ಲ 20 ನಿಮಿಷವೇ ಇರಲಿ.

ಇಷ್ಟು ಹೊತ್ತು ಏಕೆಂದರೆ, ತಡೆಯುವ ಪ್ರೋಟೀನ್ ಎರಡು ಬಗೆ. 1945ರಲ್ಲಿ ವಿಜ್ಞಾನಿ ಮೋಸೆಸ್ ಕುನಿಟ್ಸ್ ಹರಳಾಗಿ ಬೇರ್ಪಡಿಸಿದ್ದು ಒಂದು. ಅದು ದೊಡ್ಡದು, ಬಿಸಿಗೆ ಬೇಗ ಬಗ್ಗುತ್ತದೆ. ಬೌಮನ್–ಬಿರ್ಕ್ ಎಂಬ ಇನ್ನೊಂದು ಪುಟ್ಟದು. ಏಳು ಗಂಧಕದ ಕೊಂಡಿಗಳಿಂದ ಬಿಗಿದುಕೊಂಡಿರುವುದರಿಂದ ಬಿಸಿಗೆ ಜಗ್ಗುವುದಿಲ್ಲ. ಟ್ರಿಪ್ಸಿನ್ ಜೊತೆಗೆ ಕೈಮೊಟ್ರಿಪ್ಸಿನ್ ಎಂಬ ಕಿಣ್ವವನ್ನೂ ಏಕಕಾಲಕ್ಕೆ ಹಿಡಿಯಬಲ್ಲದು. ಎರಡನ್ನೂ ಪೂರ್ತಿ ಸೊನ್ನೆ ಮಾಡಬೇಕಿಲ್ಲ, ಬಹುಪಾಲು ಹೋದರೆ ಸಾಕು. ಅದಕ್ಕೇ ಗಂಟೆಗಟ್ಟಲೆ ಕುದಿಸಲೂಬಾರದು. ಹಾಲು ಕಂದುಬಣ್ಣಕ್ಕೆ ತಿರುಗಿದರೆ ಲೈಸಿನ್ ಎಂಬ ಬೇಕಾದ ಅಮೈನೋ ಆಮ್ಲ ನಷ್ಟವಾಗತೊಡಗಿದೆ ಎಂದರ್ಥ.

ಹಾಲನ್ನು ನೇರವಾಗಿ ಕುಕ್ಕರಿಗೆ ಸುರಿಯುವುದು ಅಪಾಯ, ನೊರೆ ಏರಿ ಆವಿಯ ದಾರಿ ಕಟ್ಟುತ್ತದೆ. ಕುಕ್ಕರ್ ಬೇಕೆಂದರೆ ಇಡೀ ಕಾಳಿಗೆ ಬಳಸಿ: ನೆನೆದ ಕಾಳು, ಒಂದು ಚಮಚ ಎಣ್ಣೆ, ಒಂದು ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ಕಪ್ಪಿನಲ್ಲಿಟ್ಟು ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಉಕ್ಕಿಸುವುದನ್ನು ನಂಬಬೇಡಿ, ಅದೂ ನೊರೆಯ ಕುದಿಯೇ.

ಹುರಿಯದ ಸೋಯಾ ಹಿಟ್ಟಿನ ಪೊಟ್ಟಣವನ್ನು ನಾನಂತೂ ಕೊಳ್ಳುವುದಿಲ್ಲ. ಕೆಲವರು ಅದನ್ನು ಜಿಮ್‌ನಿಂದ ಬಂದು ತಣ್ಣನೆ ಹಾಲಿಗೆ ಕದಡಿ ಕುಡಿಯುತ್ತಾರೆ. ಚಮಚ ಚಮಚ ಪ್ರೋಟೀನ್ ಹಾಕಿ, ಅದನ್ನು ಅರಗಿಸುವ ಕಿಣ್ವಕ್ಕೇ ಅಡ್ಡಿಯೊಡ್ಡಿದಂತೆ. ಒಣ ಹಿಟ್ಟನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಸಾಲದು, ತೇವವಿಲ್ಲದ ಬಿಸಿ ಈ ಪ್ರೋಟೀನಿನ ಮೇಲೆ ನಿಧಾನ. ಟ್ರಿಪ್ಸಿನ್ ಇರುವ ಜೀರ್ಣದ ಮಾತ್ರೆ ನುಂಗಿದರೂ ಆ ಟ್ರಿಪ್ಸಿನ್ನನ್ನೂ ಇದು ಹಿಡಿಯಬಹುದು.

5. ಆರಿಸಿ ಇಡುವುದು
ತಣ್ಣೀರಿನಲ್ಲಿ ಪಾತ್ರೆ ಇಟ್ಟು ಬೇಗ ಆರಿಸಿ, ಫ್ರಿಜ್‌ನಲ್ಲಿಡಿ, ಎರಡು ಮೂರು ದಿನದಲ್ಲಿ ಮುಗಿಸಿ. ವರ್ಷದೊಳಗಿನ ಮಗುವಿಗೆ ಎದೆಹಾಲಿನ ಬದಲು ಇದನ್ನು ಕೊಡಬೇಡಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಯ ಹೊತ್ತಿಗೇ ಸೋಯಾ ಕುಡಿಯಬಾರದು, ಎಷ್ಟು ಅಂತರ ಬೇಕೆಂದು ವೈದ್ಯರನ್ನು ಕೇಳಿ.

ಹಿಂಡಿ ಉಳಿದ ಚರಟ ಇನ್ನೂ ಹಸಿಯೇ. ಹಸಿಯಾಗಿ ರೊಟ್ಟಿ ಹಿಟ್ಟಿಗೆ ಕಲಸಿ ತವದ ಮೇಲೆ ಒಂದು ನಿಮಿಷ ತಿರುವಿದರೆ ನಡುಭಾಗ ಬೇಯುವುದಿಲ್ಲ. ಮೊದಲು ಇಡ್ಲಿ ಪಾತ್ರೆಯಲ್ಲಿ 20 ನಿಮಿಷ ಹಬೆಯಲ್ಲಿ ಬೇಯಿಸಿ, ಆಮೇಲೆ ವಡೆಗೋ ರೊಟ್ಟಿಗೋ ಪಲ್ಯಕ್ಕೋ ಹಾಕಿ.