ಗೋಕರ್ಣದಿಂದ ಮುರುಡೇಶ್ವರಕ್ಕೆ ಕಯಾಕ್‌ನಲ್ಲಿ: ಮೂರು ದಿನಗಳ ಕಡಲಯಾನಕ್ಕೆ ಸಿದ್ಧರಾಗುವುದು ಹೇಗೆ?

ಉತ್ತರ ಕನ್ನಡದಲ್ಲಿ ಘಟ್ಟದ ಚಾಚುಗಳು ಸಮುದ್ರದವರೆಗೂ ಇಳಿದು ಬರುವುದರಿಂದ, ಉಡುಪಿಯ ಉದ್ದನೆಯ ಮರಳ ತೀರಗಳಿಗೆ ಹೋಲಿಸಿದರೆ ಇಲ್ಲಿ ಬಂಡೆ, ಭೂಶಿರ, ಅಳಿವೆ ಮತ್ತು ಪುಟ್ಟ ಕೊಲ್ಲಿಗಳೇ ಹೆಚ್ಚು. ಗೋಕರ್ಣದ ಕುಡ್ಲೆ ತೀರದಿಂದ ಮುರುಡೇಶ್ವರಕ್ಕೆ ದಡದ ಅಂಕುಡೊಂಕು ಸೇರಿ ಸುಮಾರು 50ರಿಂದ 60 ಕಿ.ಮೀ. ಆಗುತ್ತದೆ. ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿಯಾದ ಕಯಾಕ್ ನಡೆಸಿ ಅಭ್ಯಾಸವಿರುವವರಿಗೆ ಇದು ಮೂರು ದಿನಗಳ ದಾರಿ. ಕಾರವಾರದಿಂದಲೇ ಹೊರಡಬಾರದೇ ಎಂದು ಕೇಳುವವರಿದ್ದಾರೆ. ಅಲ್ಲಿ ಕದಂಬ ನೌಕಾನೆಲೆಯ ಸುತ್ತಲಿನ ನೀರು ನಿರ್ಬಂಧಿತ ಪ್ರದೇಶವಾದ್ದರಿಂದ ಆ ಯೋಚನೆಯನ್ನು ಬಿಡುವುದೇ ಸರಿ.

ಮೊದಲು ನಿರ್ಧರಿಸಬೇಕಾದದ್ದು ಕಾಲ ಮತ್ತು ದಿಕ್ಕು. ಮಳೆಗಾಲದ ಸಮುದ್ರ ಕಯಾಕ್‌ಗೆ ಅಲ್ಲ. ಯಾಂತ್ರಿಕ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಯೋಗ್ಯವಾದ ಕಾಲವೆಂದರೆ ನವೆಂಬರ್ ಕೊನೆಯಿಂದ ಫೆಬ್ರುವರಿ. ಈ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಮೆಲುಗಾಳಿ ಬೀಸುತ್ತದೆ; ಬಿಸಿಲೇರಿದಂತೆ ಅದು ತಿರುಗಿ, ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಜೋರಾಗಿ ಬರಲಾರಂಭಿಸುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಸಾಗಿದರೆ ಈ ಗಾಳಿ ಬೆನ್ನಿಗಿರುತ್ತದೆ. ಆದರೂ ಅದನ್ನು ನಂಬಿಕೊಂಡು ಕಾಯಬಾರದು. ಬೆಳಕು ಹರಿಯುತ್ತಲೇ ಹೊರಟು ಹನ್ನೊಂದು ಗಂಟೆಯೊಳಗೆ ದಡ ಸೇರುವಂತೆ ದಿನವನ್ನು ಅಳೆದುಕೊಳ್ಳಬೇಕು. ಹೊರೆ ತುಂಬಿದ ಕಯಾಕ್ ಗಂಟೆಗೆ ಐದಾರು ಕಿ.ಮೀ. ಸಾಗುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 15ರಿಂದ 20 ಕಿ.ಮೀ. ಸಾಕು. ಕೊಲ್ಲಿ ರಾಷ್ಟ್ರಗಳ ಕಡೆ ಎದ್ದ ಚಳಿಗಾಲದ ಬಿರುಗಾಳಿಯ ಅಲೆಗಳು ಕೆಲವೊಮ್ಮೆ ಇಲ್ಲಿಯ ದಡದವರೆಗೂ ಬರುವುದುಂಟು. ಆದ್ದರಿಂದ ಆಕಾಶ ಶುಭ್ರವಾಗಿದೆ ಎಂಬುದನ್ನಷ್ಟೇ ನೋಡದೆ, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರಕಟಿಸುವ ಅಲೆಯ ಮುನ್ಸೂಚನೆಯನ್ನು ಪ್ರತಿದಿನ ಓದಬೇಕು.

ಪ್ರವಾಸಿ ತೀರಗಳಲ್ಲಿ ಬಾಡಿಗೆಗೆ ಸಿಗುವ, ಮೇಲೆ ಕುಳಿತು ಆಡುವ ಗಿಡ್ಡ ಕಯಾಕ್ ಈ ಕೆಲಸಕ್ಕೆ ಬಾರದು. ಸುಮಾರು ಐದು ಮೀಟರ್ ಉದ್ದವಿದ್ದು, ಹಿಂದೆ ಮುಂದೆ ನೀರು ನುಗ್ಗದ ಖಾನೆಗಳಿರುವ ಕಡಲ ಕಯಾಕ್ ಬೇಕು; ಮಗುಚಿದರೂ ಆ ಖಾನೆಗಳ ಗಾಳಿಯೇ ಅದನ್ನು ತೇಲಿಸುತ್ತದೆ. ಭಾರದ ಸಾಮಾನುಗಳನ್ನು ಕೂರುವ ಜಾಗದ ಹತ್ತಿರ, ತಳದಲ್ಲಿ ಇಡಬೇಕು. ಸೀಟಿ ಕಟ್ಟಿದ ಲೈಫ್ ಜಾಕೆಟ್ಟನ್ನು ದಡ ಬಿಡುವ ಮೊದಲೇ ತೊಡಬೇಕು. ತಂಡಕ್ಕೆ ಒಂದು ಹೆಚ್ಚುವರಿ ಹುಟ್ಟು, ನೀರು ತೋಡುವ ಪಂಪು ಮತ್ತು ಜಲನಿರೋಧಕ ಚೀಲದಲ್ಲಿಟ್ಟ ಮೊಬೈಲ್ ಇರಲಿ. ಪರದೇಶದ ಕೈಪಿಡಿಗಳು ಚಳಿಯ ಉಡುಪಿಗೆ ಪುಟಗಟ್ಟಲೆ ಮೀಸಲಿಡುತ್ತವೆ. ನಮ್ಮ ನೀರು ಬೆಚ್ಚಗಿದೆ, ಇಲ್ಲಿಯ ಶತ್ರು ಬಿಸಿಲು. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುವ ನೀರು, ಉದ್ದ ತೋಳಿನ ಅಂಗಿ ಮತ್ತು ಅಗಲ ಅಂಚಿನ ಟೊಪ್ಪಿ ಕಡ್ಡಾಯ.

ಹೊರಡುವ ಮುನ್ನ ಕರಾವಳಿ ಕಾವಲು ಪೊಲೀಸರಿಗೆ ತಂಡದವರ ಗುರುತಿನ ಚೀಟಿಯ ಪ್ರತಿ, ದಾರಿ ಮತ್ತು ದಿನಾಂಕಗಳನ್ನು ಕೊಟ್ಟು, ಅನುಮತಿ ಬೇಕೇ ಎಂದು ಕೇಳಿ ತಿಳಿಯಬೇಕು. ಅವರ ಸಹಾಯವಾಣಿ 1093, ತಟರಕ್ಷಣಾ ಪಡೆಯದು 1554. ಅಪ್ಪಣೆಯಿಲ್ಲದ ಉಪಗ್ರಹ ಫೋನು ನಮ್ಮಲ್ಲಿ ಅಪರಾಧ. ಇದಾದ ಮೇಲೆ ಅಘನಾಶಿನಿಯ ಹಿನ್ನೀರಿನಲ್ಲಿ ಬೇಕೆಂದೇ ಮಗುಚಿ, ಹೊರಬಂದು, ಜೊತೆಗಾರರ ನೆರವಿನಿಂದ ಮತ್ತೆ ಹತ್ತುವುದನ್ನು ಕೈಗೆ ಹತ್ತುವವರೆಗೂ ಅಭ್ಯಾಸ ಮಾಡಬೇಕು. ಇದು ಬಾರದವರು ಹೊರಡಕೂಡದು. ಈ ವಿಷಯದಲ್ಲಿ ರಿಯಾಯಿತಿ ಇಲ್ಲ.

ಮೊದಲ ದಿನ ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳ ಭೂಶಿರಗಳನ್ನು ದಾಟಬೇಕು. ಬಂಡೆಗೆ ಬಡಿದ ಅಲೆ ಹಿಂದಿರುಗಿ, ಬರುತ್ತಿರುವ ಅಲೆಯೊಂದಿಗೆ ಕಲೆತಾಗ ನೀರು ಎಲ್ಲ ದಿಕ್ಕಿಗೂ ಕುದಿಯುವಂತಾಗುತ್ತದೆ. ಆದ್ದರಿಂದ ಭೂಶಿರದ ತುದಿಯಿಂದ ನೂರಿನ್ನೂರು ಮೀಟರ್ ದೂರ ಉಳಿದು, ಹುಟ್ಟು ಹಾಕುವುದನ್ನು ನಿಲ್ಲಿಸದೆ ಸುತ್ತುವರಿಯಬೇಕು.

ಇದಕ್ಕಿಂತ ಕಠಿಣವಾದದ್ದು ಅಳಿವೆ. ತದಡಿಯ ಬಳಿ ಅಘನಾಶಿನಿ, ಎರಡನೆಯ ದಿನ ಹೊನ್ನಾವರದಲ್ಲಿ ಶರಾವತಿ. ಇಳಿತದ ಸಮಯದಲ್ಲಿ ಹೊಳೆಯ ನೀರು ರಭಸದಿಂದ ಹೊರಬಂದು ಒಳಬರುವ ಅಲೆಗೆ ಎದುರಾಗುತ್ತದೆ. ಮರಳದಿಬ್ಬದ ಮೇಲೆ ಅಲೆಗಳು ಕಡಿದಾಗಿ ಎದ್ದು ಒಡೆಯುತ್ತವೆ. ಉಬ್ಬರ ಮುಗಿಯುವ ಹೊತ್ತಿಗೆ ಅಳಿವೆ ಶಾಂತವಾಗಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಅಲ್ಲಿರುವಂತೆ ಉಬ್ಬರ-ಇಳಿತದ ಪಟ್ಟಿ ನೋಡಿ ಹೊರಡುವ ಗಳಿಗೆಯನ್ನು ಗೊತ್ತು ಮಾಡಬೇಕು. ತಪ್ಪಿದರೆ ಹತ್ತಿರದ ಮರಳಿಗೆ ಇಳಿದು ಕಾಯಬೇಕು. ಮೀನುಗಾರಿಕಾ ಬೋಟುಗಳು ಓಡಾಡುವ ಕಾಲುವೆಯನ್ನು ಗುಂಪಾಗಿ, ನೇರವಾಗಿ ದಾಟಬೇಕು. ಬೋಟಿನವರಿಗೆ ನಾವು ಕಾಣುತ್ತಿಲ್ಲ ಎಂದೇ ಭಾವಿಸಿ ನಡೆಯುವುದು ಕ್ಷೇಮ.

ರಾತ್ರಿಯ ತಂಗುದಾಣಗಳಾಗಿ ಕುಮಟಾ ಮತ್ತು ಶರಾವತಿಯ ದಕ್ಷಿಣದ ಕಾಸರಕೋಡು ಅನುಕೂಲ. ದಡಕ್ಕೆ ಬರುವಾಗ ಅಲೆಗಳು ಒಡೆಯುವ ಗೆರೆಯ ಹೊರಗೆ ನಿಂತು, ದೊಡ್ಡ ಅಲೆಗಳ ಸರಣಿ ಕಳೆದ ಮೇಲೆ, ಒಂದು ಅಲೆಯ ಬೆನ್ನ ಹಿಂದೆಯೇ ಬಲವಾಗಿ ಹುಟ್ಟು ಹಾಕಿ ಒಳಬರಬೇಕು. ಕಯಾಕ್ ಅಡ್ಡ ತಿರುಗಿತೆಂದರೆ ದಡದ ಕಡೆಗಲ್ಲ, ಅಲೆಯ ಕಡೆಗೇ ವಾಲಬೇಕು. ದಡದಿಂದ ಎಳೆಯುವ ದೊಡ್ಡ ಬಲೆಯಾದ ರಂಪಣಿಯನ್ನು ಎಳೆಯುತ್ತಿರುವಲ್ಲಿ ಇಳಿಯುವ ಮುನ್ನ ಮೀನುಗಾರರನ್ನು ಕೇಳುವುದು ಮರ್ಯಾದೆಯಷ್ಟೇ ಅಲ್ಲ, ಆ ನೀರಿನ ಅಡಿಯ ಕಲ್ಲುಗಳನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಈ ತೀರದಲ್ಲಿ ಚಳಿಗಾಲದಿಂದ ಕಡಲಾಮೆಗಳು ಮೊಟ್ಟೆಯಿಡಲು ಬರುವುದರಿಂದ ಮರಳದಿಬ್ಬಗಳ ಮೇಲೆ ಡೇರೆ ಹಾಕಬಾರದು, ದೀಪ ಬೆಳಗಿಸಬಾರದು.

ಮೂರನೆಯ ದಿನದ್ದು ಸುಮಾರು 20 ಕಿ.ಮೀ. ದಾರಿಯಲ್ಲಿ ಗುಣವಂತೆ ಸಿಗುತ್ತದೆ. ಹಿಂದಿನ ದಿನದ ಧಾರೇಶ್ವರವನ್ನೂ ಸೇರಿಸಿದರೆ, ಆತ್ಮಲಿಂಗದ ಕಥೆಯ ಐದು ಕ್ಷೇತ್ರಗಳಲ್ಲಿ ನಾಲ್ಕರ ಮುಂದೆ ಹಾದುಹೋದಂತಾಗುತ್ತದೆ. ಮುರುಡೇಶ್ವರದ ಗೋಪುರ ಬಹು ದೂರದಿಂದಲೇ ಕಾಣುವುದರಿಂದ ದಾರಿ ತಪ್ಪುವ ಭಯವಿಲ್ಲ. ಆದರೆ ಬೇಗ ತಲುಪಿದೆವೆಂದು ಆಚೆಯ ನೇತ್ರಾಣಿ ದ್ವೀಪದತ್ತ ಕಯಾಕ್ ತಿರುಗಿಸಬಾರದು, ಅದು ತೆರೆದ ಸಮುದ್ರದ ಬೇರೆಯೇ ಪಯಣ. ದಡ ಸೇರಿದೊಡನೆ, ಹೊರಡುವಾಗ ಮಾಹಿತಿ ಕೊಟ್ಟಿದ್ದ ಪೊಲೀಸರಿಗೆ ಎಲ್ಲರೂ ಬಂದು ಮುಟ್ಟಿದ್ದೇವೆ ಎಂದು ಕರೆ ಮಾಡಿ ತಿಳಿಸಬೇಕು. ಇಲ್ಲವಾದರೆ ಅವರು ಹುಡುಕಲು ಬೋಟು ಇಳಿಸಬೇಕಾದೀತು.