ಬೀಗ ಹಾಕಿದ್ದೆ, ಶೀರ್ಷಿಕೆ ಹೊರಗಿತ್ತು

ಮುಂಬಯಿಯ ಮಾಟುಂಗಾದ ಒಂದು ಸಭಾಂಗಣ, ಭಾನುವಾರ ಸಂಜೆ. ಹಳೆಯ ಹೋಟೆಲುಗಳ ಫೋಟೊ ತೋರಿಸಲು ನನ್ನ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿದ್ದರು. ಬೆರಳು ತಪ್ಪಿ ಟಿಪ್ಪಣಿಗಳ ಆ್ಯಪ್ ತೆರೆದುಕೊಂಡಿತು. ಎರಡೋ ಮೂರೋ ಸೆಕೆಂಡು, ಅಷ್ಟೇ. ಪಟ್ಟಿಯ ನಾಲ್ಕನೆಯ ಸಾಲಿನಲ್ಲಿ ಒಬ್ಬ ಹಿರಿಯರ ಹೆಸರಿತ್ತು. ಹೆಸರಿನ ಮುಂದೆ, ಅವರು ನನಗೊಬ್ಬಳಿಗೇ ಹೇಳಿದ್ದ ಸಂಗತಿ ನಾಲ್ಕು ಪದಗಳಲ್ಲಿತ್ತು. ಪಕ್ಕದಲ್ಲಿ ಬೀಗದ ಪುಟ್ಟ ಚಿತ್ರವೂ ಇತ್ತು. ಎದುರಿನ ಕುರ್ಚಿಗಳ ಮೂರನೆಯ ಸಾಲಿನಲ್ಲಿ ಆ ಹಿರಿಯರ ಅಳಿಯ ಕೂತಿದ್ದರು. ಆ ನಾಲ್ಕು ಪದ ಯಾವುವೆಂದು ಇಲ್ಲಿಯೂ ಬರೆಯುವುದಿಲ್ಲ.

ನಾನು ಫೋರ್ಟಿನ ಒಂದು ಬ್ಯಾಂಕ್ ಶಾಖೆಯಲ್ಲಿ 31 ವರ್ಷ ಕೆಲಸ ಮಾಡಿದವಳು. ಮನೆ ಡೊಂಬಿವಲಿ ಪೂರ್ವದಲ್ಲಿ. ನಿವೃತ್ತಿಯಾದ ಮೇಲೆ ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ಉಡುಪಿ, ಕುಂದಾಪುರದ ಕಡೆಯಿಂದ ಹತ್ತು ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರು ಇನ್ನೂ ಕೆಲವರು ಇದ್ದಾರೆ. ಅವರ ಬಳಿ ಕೂತು ಅವರು ಹೇಳಿದ್ದನ್ನು ಬರೆದಿಡುತ್ತೇನೆ. ಎಂಬತ್ತು ದಾಟಿದವರು ಬಾಯಿ ಬಿಟ್ಟು ಮಾತಾಡಲು ಶುರುಮಾಡಿದರೆ ಹೋಟೆಲಿನ ಕತೆಯಷ್ಟೇ ಬರುವುದಿಲ್ಲ. ಮನೆಯಲ್ಲಿ ಯಾರಿಗೂ ಹೇಳದ್ದು ಬರುತ್ತದೆ. “ಬರ್ಕೊಳ್ಳಿ ಮೇಡಂ, ಆದ್ರೆ ನಾನು ಇರೋ ತನಕ ಯಾರಿಗೂ ತೋರಿಸ್ಬೇಡಿ” ಎಂದು ಕೈ ಹಿಡಿದು ಹೇಳಿದವರಿದ್ದಾರೆ. ಅಂಥದ್ದನ್ನು ನಾನು ಫೋನಿನಲ್ಲಿ, ನಾಲ್ಕಂಕಿಯ ಪಿನ್ ಹಾಕಿ ಇಟ್ಟಿದ್ದೆ. ಪಿನ್ ನನ್ನ ಮಗಳು ಹುಟ್ಟಿದ ದಿನ ಮತ್ತು ತಿಂಗಳು.

ಮರುದಿನ ಬೆಳಿಗ್ಗೆಯೇ ಆ ಹಿರಿಯರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಹೋಟೆಲಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಅಣ್ಣ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತಾ ಕೂತರು. “ಅವ್ನು ಓದಿದ್ರೆ ಕೇಳ್ತಿದ್ದ. ಕೇಳ್ಲಿಲ್ಲ” ಎಂದರು. ಆಮೇಲೆ, “ಇನ್ನು ಸಾಕು ಮೇಡಂ, ಬೇಜಾರ್ ಮಾಡ್ಕೊಳ್ಬೇಡಿ” ಎಂದರು. ಕತೆ ಅರ್ಧಕ್ಕೆ ನಿಂತಿತು. ನಾನು ಲೋಕಲ್ ಹಿಡಿದು ವಾಪಸು ಬಂದೆ.

ಪುಣೆಯಲ್ಲಿ ಐಟಿ ಕೆಲಸದಲ್ಲಿರುವ ತಮ್ಮನ ಮಗನಿಗೆ ಅವತ್ತೇ ಫೋನ್ ಮಾಡಿದೆ. “ಅತ್ತೆ, ನೀವು ಹಾಕಿದ್ದು ಬಾಗಿಲಿಗೆ ಚಿಲಕ. ಒಳಗಿನ ಸಾಮಾನು ಹಾಗೇ ಇದೆ” ಎಂದ. ಆ ಮಾತು ನನಗೆ ಪೂರ್ತಿ ಅರ್ಥವಾದದ್ದು ಬ್ಯಾಂಕಿನ ಲಾಕರ್ ನೆನೆಸಿಕೊಂಡಾಗ. ಕ್ಯಾಶಿಯರ್ ಕೂರುವ ಕಟಕಟೆಗೆ ಬಾಗಿಲಿರುತ್ತದೆ, ಸಿಬ್ಬಂದಿಯಲ್ಲಿ ಯಾರು ಬೇಕಾದರೂ ತೆರೆಯಬಹುದು. ಲಾಕರಿಗೆ ಗ್ರಾಹಕರ ಕೀ ಬೇಕೇ ಬೇಕು, ಅದರ ನಕಲು ಬ್ಯಾಂಕಿನ ಬಳಿ ಇರುವುದಿಲ್ಲ. ಬರಿಯ ಆ್ಯಪ್ ಲಾಕ್ ಕಟಕಟೆಯ ಬಾಗಿಲಿನ ಹಾಗೆ. ಎನ್‌ಕ್ರಿಪ್ಷನ್ ಎಂದರೆ ಬರೆದ ಅಕ್ಷರಗಳನ್ನೇ ಕಲಸಿಬಿಡುವುದು. ಪಾಸ್‌ವರ್ಡಿನಿಂದ ಹುಟ್ಟುವ ಕೀ ಇಲ್ಲದೆ ಅವು ಮತ್ತೆ ಅಕ್ಷರವಾಗುವುದಿಲ್ಲ. ಲಾಕರಿನ ಕೀ ಕಳೆದರೆ ಒಡೆಸಬಹುದು, ಇದನ್ನು ಒಡೆಸಲು ಯಾರನ್ನೂ ಕರೆಯುವ ಹಾಗಿಲ್ಲ.

ಯಾವ ಆ್ಯಪ್ ಯಾವ ಬಗೆಯದು ಎಂದು ತಿಳಿಯಲು ಅವನು ಒಂದು ಪರೀಕ್ಷೆ ಹೇಳಿಕೊಟ್ಟ. ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿ, ಇಮೇಲಿಗೆ ಬಂದ ಕೊಂಡಿಯಿಂದ ಹೊಸ ಪಾಸ್‌ವರ್ಡ್ ಇಟ್ಟಾಗ ಹಳೆಯ ಟಿಪ್ಪಣಿಗಳೆಲ್ಲ ಹಾಗೇ ಸಿಕ್ಕಿಬಿಟ್ಟರೆ, ಕೀ ನಮ್ಮೊಬ್ಬರ ಕೈಯಲ್ಲೇ ಇಲ್ಲ ಎಂದರ್ಥ. 2013ರ ಮಾರ್ಚಿನಲ್ಲಿ ಎವರ್‌ನೋಟ್ ಎಂಬ ಟಿಪ್ಪಣಿ ಆ್ಯಪಿನ ಕಂಪನಿ ಸುಮಾರು 5 ಕೋಟಿ ಬಳಕೆದಾರರ ಪಾಸ್‌ವರ್ಡ್‌ಗಳನ್ನು ಒಟ್ಟಿಗೇ ಬದಲಿಸುವಂತೆ ಮಾಡಿತ್ತು. ಒಳಗೆ ನುಗ್ಗಿದವರ ಕೈಗೆ ಬಳಕೆದಾರರ ಹೆಸರು, ಇಮೇಲ್, ಕಲಸಿಟ್ಟ ಪಾಸ್‌ವರ್ಡ್ ಸಿಕ್ಕಿದ್ದವು. ಟಿಪ್ಪಣಿಗಳನ್ನು ಯಾರೂ ತೆರೆದ ಕುರುಹಿಲ್ಲ ಎಂದು ಆ ಕಂಪನಿ ಹೇಳಿತ್ತು. ಅದು ಸಮಾಧಾನದ ಮಾತೇ. ಆದರೆ ಅಣ್ಣನ ಸಂಗತಿಯನ್ನು ಅಂಥ ಸಮಾಧಾನದ ಮೇಲೆ ಬಿಡಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ನಿಂತದ್ದು ಎರಡರ ಮೇಲೆ. ಓಡಾಡುವಾಗ ಗೀಚಿಕೊಳ್ಳಲು ಸ್ಟ್ಯಾಂಡರ್ಡ್ ನೋಟ್ಸ್ ಎಂಬ ಆ್ಯಪ್. ಬರೆದದ್ದು ಫೋನಿನಿಂದ ಹೊರಡುವ ಮೊದಲೇ ಎನ್‌ಕ್ರಿಪ್ಟ್ ಆಗುತ್ತದೆ, ಕಂಪನಿಯವರಿಗೂ ಓದಲು ಬರುವುದಿಲ್ಲ, ಬರಿಯ ಅಕ್ಷರಕ್ಕೆ ಉಚಿತ ಖಾತೆಯೇ ಸಾಕು. ಧ್ವನಿಮುದ್ರಣ ಮತ್ತು ದೊಡ್ಡ ಬರಹಗಳಿಗೆ ಲ್ಯಾಪ್‌ಟಾಪಿನಲ್ಲಿ ಕ್ರಿಪ್ಟೊಮೇಟರ್ ಎಂಬ ತಂತ್ರಾಂಶ. ಅದು ಒಂದು ಪೆಟ್ಟಿಗೆಯ ಹಾಗೆ. ಪಾಸ್‌ವರ್ಡ್ ಕೊಟ್ಟರೆ ಸಾಮಾನ್ಯ ಡ್ರೈವಿನಂತೆ ತೆರೆಯುತ್ತದೆ, ಮುಚ್ಚಿದರೆ ಕಡತಗಳ ಹೆಸರೂ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ನನ್ನನ್ನು ಗೆದ್ದದ್ದು ಅದೇ ಗುಣ, ನಾನು ಎಡವಿದ್ದು ಹೆಸರಿನಲ್ಲೇ ಅಲ್ಲವೇ. ಇವೇ ಬೇಕೆಂದೇನಿಲ್ಲ. ಮೈಕ್ರೋಸಾಫ್ಟಿನ ಟಿಪ್ಪಣಿ ಆ್ಯಪ್ ಒನ್‌ನೋಟ್‌ನಲ್ಲಿ ಒಂದು ವಿಭಾಗಕ್ಕೆ ಪಾಸ್‌ವರ್ಡ್ ಹಾಕಿದರೆ ಅದೂ ನಿಜವಾದ ಎನ್‌ಕ್ರಿಪ್ಷನ್ನೇ, ಮರೆತರೆ ಮೈಕ್ರೋಸಾಫ್ಟ್ ಕೂಡ ತೆರೆದುಕೊಡಲಾರದು. ಆದರೆ ವಿಭಾಗದ ಹೆಸರು ಹೊರಗೇ ಇರುತ್ತದೆ, ಅದನ್ನು ಮರೆಯಬಾರದು.

ಈಗ ಪಾಸ್‌ವರ್ಡಿನ ಮಾತು. ನಾನು ಹೆಚ್ಚು ದಿನ ಕಳೆದದ್ದು ಇದರ ಮೇಲೆಯೇ.

ನಾಲ್ಕಂಕಿಯ ಪಿನ್ನಿಗೆ 10,000 ಸಾಧ್ಯತೆಗಳಿವೆ. ಹುಟ್ಟಿದ ದಿನ, ತಿಂಗಳು ಎಂದು ಗೊತ್ತಾದರೆ ಅದು 366ಕ್ಕೆ ಇಳಿಯುತ್ತದೆ. ನಾನು ಮೊದಲು ಮಾಡಿದ ಬದಲಾವಣೆ, ಎಲ್ಲರಿಗೂ ಬಾಯಿಪಾಠವಿರುವ ಒಂದು ವಚನದ ಮೊದಲ ಸಾಲನ್ನು ಇಟ್ಟದ್ದು. ಉದ್ದವಾಗಿದೆ, ಮರೆಯುವುದಿಲ್ಲ ಎಂದುಕೊಂಡೆ. ತಮ್ಮನ ಮಗ ಬೇಡ ಎಂದ. ನನಗೆ ಬಾಯಿಪಾಠವಿದ್ದದ್ದು ಉಳಿದವರಿಗೂ ಇರುತ್ತದೆ. ಗಾದೆ, ಹಾಡು, ಶ್ಲೋಕ ಎಲ್ಲಕ್ಕೂ ಇದೇ ಮಾತು. ನಮ್ಮ ತಲೆ ಆರಿಸಿದ್ದನ್ನು ಇನ್ನೊಂದು ತಲೆ ಊಹಿಸಬಲ್ಲದು, ದಾಳ ಆರಿಸಿದ್ದನ್ನು ಊಹಿಸಲಾಗದು.

ದಾಳ ಹಾಕಿ ಪದ ಆರಿಸುವ ಡೈಸ್‌ವೇರ್ ಎಂಬ ಕ್ರಮವನ್ನು ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ರೂಪಿಸಿದರು. 7776 ಪದಗಳ ಪಟ್ಟಿ. ಐದು ಸಲ ದಾಳ ಹಾಕಿದರೆ ಒಂದು ಪದ. ಪಟ್ಟಿ ಇಂಗ್ಲಿಷಿನದು. ಅದರ ಅರ್ಧ ಪದ ನನ್ನ ನಾಲಿಗೆಗೆ ಬರುವಂಥವಲ್ಲ, ಮೂರನೆಯ ದಿನಕ್ಕೇ ಮರೆತುಹೋದವು. ಹಾಗಾಗಿ ನನ್ನದೇ ಪಟ್ಟಿ ಮಾಡಲು ಕೂತೆ. ಮೂರು ಸಲ ದಾಳ ಹಾಕಿದರೆ ಒಂದು ಪದ ಬರುವ ಹಾಗೆ, ಆರಾರು ಮೂವತ್ತಾರು, ಮತ್ತೆ ಆರರಿಂದ ಗುಣಿಸಿ 216 ಪದ. ಪದಗಳಿಗೆ ಹುಡುಕಾಡಲಿಲ್ಲ, ನನ್ನ ನೋಟ್‌ಪುಸ್ತಕಗಳ ತುಂಬ ಹೋಟೆಲಿನ ಅಡುಗೆಮನೆಯ ಮಾತೇ ಇತ್ತು. ಕಾವಲಿ, ಸೌಟು, ಸಟ್ಟುಗ, ಹಂಡೆ, ಒರಳು, ಹೆರೆಮಣೆ, ಮೆಟ್ಟುಕತ್ತಿ. ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗಿಬರುವಾಗ ಲೇಡೀಸ್ ಡಬ್ಬಿಯಲ್ಲಿ ಕೂತು, ಜಾಗ ಸಿಗದ ದಿನ ನಿಂತುಕೊಂಡೇ, ಬರೆಯುತ್ತಾ ಹೋದೆ. 180ರ ಹತ್ತಿರ ಬಂದು ನಿಂತಿತು. ಮುಂದೆ ಪದವೇ ಹೊಳೆಯಲಿಲ್ಲ.

ಪಟ್ಟಿ ಗುಟ್ಟಾಗಿರಬೇಕಿಲ್ಲ ಎನ್ನುವುದು ಈ ಕ್ರಮದ ಚೆಲುವು. ಪಟ್ಟಿ ಇಡೀ ಊರಿಗೆ ಗೊತ್ತಿದ್ದರೂ ಎಂಟು ಪದ ತೆಗೆದರೆ ಸಾಧ್ಯತೆಗಳು 47,000 ಕೋಟಿ ಕೋಟಿಗೂ ಮೇಲೆ. ಗುಟ್ಟು ಇರುವುದು ದಾಳ ಬಿದ್ದ ಬಗೆಯಲ್ಲಿ. ಬಂದ ಪದ ಚೆನ್ನಾಗಿಲ್ಲ ಎಂದು ಮತ್ತೆ ದಾಳ ಹಾಕಬಾರದು, ಹಾಕಿದರೆ ಮತ್ತೆ ನಮ್ಮ ತಲೆ ಒಳಗೆ ಬಂದಂತೆ.

ಕನ್ನಡದವರಿಗೇ ಬರುವ ಒಂದು ತೊಡಕಿದೆ, ಯಾರೂ ಮೊದಲೇ ಹೇಳಿರಲಿಲ್ಲ. ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲೇ ಇಡಲು ನೋಡಿದೆ. ಫೋನಿನಲ್ಲಿ ತೆರೆಯಿತು, ಲ್ಯಾಪ್‌ಟಾಪಿನಲ್ಲಿ ತೆರೆಯಲಿಲ್ಲ. ಯುನಿಕೋಡಿನಲ್ಲಿ ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಬರೆಯಬಹುದು, ಎರಡು ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಅರ್ಕಾವತ್ತು ಬರುವ ಕಡೆ ಕಣ್ಣಿಗೆ ಕಾಣದ ಜೋಡಣೆಯ ಗುರುತೊಂದು ಒಳಗೆ ಸೇರಿಕೊಂಡಿರಬಹುದು. ಅದಕ್ಕೇ ಪದ ಕನ್ನಡದ್ದು, ಅಕ್ಷರ ಇಂಗ್ಲಿಷಿನದು ಎಂದು ಇಟ್ಟುಕೊಂಡೆ. ಆಗ ಇನ್ನೊಂದು ತಲೆನೋವು. ‘ತಪ್ಪಲೆ’ಯ ತಕಾರಕ್ಕೆ ಟಿ ಒಂದೇ ಸಾಕೋ, ಎಚ್ ಕೂಡ ಬೇಕೋ? ‘ಹಂಡೆ’ಯ ಕೊನೆಗೆ ಇ ಒಂದೋ ಎರಡೋ? ನಾಲ್ಕು ದಿನ ಬಿಟ್ಟು ಹೇಗೆ ಬರೆದಿದ್ದೆನೆಂದು ನನಗೇ ನೆನಪಿರಲಿಲ್ಲ. ಪಟ್ಟಿಯಲ್ಲಿ ಪ್ರತಿ ಪದದ ಎದುರು ಕಾಗುಣಿತ ಬರೆದು ಗಟ್ಟಿ ಮಾಡಿಕೊಂಡೆ. ಒತ್ತಕ್ಷರ, ದೀರ್ಘ ಇದ್ದ ಪದಗಳನ್ನು ಆದಷ್ಟು ತೆಗೆದುಹಾಕಿದೆ.

ಪಾಸ್‌ವರ್ಡನ್ನು ಆಗಾಗ ಬದಲಿಸುವುದಿಲ್ಲ. ನಾನು ಕೆಲಸ ಮಾಡುತ್ತಿದ್ದಲ್ಲಿ ಗಡುವು ಮುಗಿದಂತೆಲ್ಲ ಬದಲಿಸಬೇಕಿತ್ತು. ಅದರ ಫಲ, ಅರ್ಧ ಜನರ ಕೀಬೋರ್ಡಿನ ಅಡಿಯಲ್ಲಿ ಚೀಟಿ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಕಾರಣವಿಲ್ಲದೆ ಬದಲಿಸಲು ಒತ್ತಾಯಿಸಬೇಡಿ ಎಂದಿದೆ. ಸೋರಿದ ಅನುಮಾನ ಬಂದರೆ ಬದಲಿಸುತ್ತೇನೆ.

ಬೀಗಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಸುತ್ತಲಿನ ಸೋರಿಕೆ. ಕೀಬೋರ್ಡ್ ನಾನು ಬರೆದ ಹೆಸರುಗಳನ್ನು ಕಲಿತುಕೊಂಡು, ಬೇರೆಯವರಿಗೆ ವಾಟ್ಸ್ಆ್ಯಪ್ ಸಂದೇಶ ಬರೆಯುವಾಗ ಅವೇ ಹೆಸರನ್ನು ಸಲಹೆಯಾಗಿ ಮೇಲೆ ತೋರಿಸುತ್ತಿತ್ತು. ಕಲಿತದ್ದನ್ನು ಅಳಿಸಿ, ಕಲಿಯುವ ಆಯ್ಕೆಯನ್ನೇ ನಿಲ್ಲಿಸಿದೆ. ನೋಟ್‌ಪುಸ್ತಕದ ಹಾಳೆಗಳ ಫೋಟೊ ತೆಗೆದಿದ್ದೆ, ಅವೆಲ್ಲ ತಾವಾಗಿಯೇ ಅಂತರಜಾಲಕ್ಕೆ ಹೋಗಿ ಮಗಳ ಟ್ಯಾಬಿನಲ್ಲೂ ಕಾಣುತ್ತಿದ್ದವು, ಖಾತೆ ಒಂದೇ ಆದದ್ದರಿಂದ. ಹಳೆಯ ಆ್ಯಪಿನಿಂದ ಟಿಪ್ಪಣಿ ಅಳಿಸಿದ ಮೇಲೂ ‘ಇತ್ತೀಚೆಗೆ ಅಳಿಸಿದ್ದು’ ಎಂಬಲ್ಲಿ 30 ದಿನ ಉಳಿದಿತ್ತು. ಅಲ್ಲಿಗೂ ಹೋಗಿ ಅಳಿಸಬೇಕು. ಶೀರ್ಷಿಕೆಯಲ್ಲಿ ಈಗ ಹೆಸರೂ ಇಲ್ಲ, ಊರೂ ಇಲ್ಲ, ಅಂಕಿ ಮಾತ್ರ. ಯಾವ ಅಂಕಿ ಯಾರು ಎಂಬ ಹಾಳೆ ಕಾಗದದ್ದು, ಕಪಾಟಿನಲ್ಲಿದೆ. ಫೋನಿನ ಪಿನ್ನನ್ನು ಆರಂಕಿಗೆ ಏರಿಸಿದೆ, ಫೋನ್ ತನ್ನೊಳಗಿನದನ್ನು ಕಾಪಾಡುವುದು ಆ ಪಿನ್ನಿನ ಬಲದಿಂದಲೇ. ರೈಲಿನಲ್ಲಿ ಪಾಸ್‌ವರ್ಡ್ ಒತ್ತುವುದಿಲ್ಲ. ಠಾಣೆ ರೈಲು ನಿಲ್ದಾಣ ದಾಟಿದ ಮೇಲೆ ನಮ್ಮ ಭುಜದ ಮೇಲೆ ಇನ್ನೊಬ್ಬರ ಗಲ್ಲ ಇರುತ್ತದೆ. ಅಲ್ಲಿ ಬೆರಳ ಗುರುತೇ ಸರಿ.

ಮಳೆಗಾಲದಲ್ಲಿ ಒಂದು ದಿನ ದಾದರಿನಲ್ಲಿ ಇಳಿಯುವ ನೂಕಾಟದಲ್ಲಿ ಫೋನ್ ಹೋಯಿತು. ರೈಲ್ವೆ ಪೊಲೀಸರಲ್ಲಿ ದೂರು ಬರೆಸಿ, ಆ ದೂರಿನ ಪ್ರತಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನು ತಡೆಹಿಡಿಸಿದೆ. ಮನೆಗೆ ಬಂದು ಲ್ಯಾಪ್‌ಟಾಪಿನಿಂದ ಖಾತೆಗೆ ಹೋಗಲು ನೋಡಿದರೆ ಪಾಸ್‌ವರ್ಡಿನ ಜೊತೆಗೆ ಎರಡನೆಯ ಹಂತದ ಸಂಖ್ಯೆಯನ್ನೂ ಕೇಳಿತು. ಆ ಸಂಖ್ಯೆ ಕೊಡುವ ಆ್ಯಪ್ ಇದ್ದದ್ದು ಹೋದ ಫೋನಿನಲ್ಲೇ. ಕೈಕಾಲು ತಣ್ಣಗಾದವು. ಆ ಎರಡನೆಯ ಹಂತವನ್ನು ಹಾಕಿಕೊಟ್ಟ ದಿನ ತಮ್ಮನ ಮಗ ಹಟ ಹಿಡಿದು, ಇಂಥ ಹೊತ್ತಿಗೆಂದೇ ಇರುವ ಒಂದು ಕೋಡನ್ನು ಕಾಗದದಲ್ಲಿ ಬರೆಸಿ, ಚಿನ್ನದ ಡಬ್ಬಿಯ ಜೊತೆ ಇಡಿಸಿದ್ದ. ಅದರಿಂದ ಒಳಗೆ ಹೋದೆ. ಫೋನ್ ಮತ್ತೆ ಸಿಗಲಿಲ್ಲ, ಆದರೆ ಆ ರಾತ್ರಿ ನಿದ್ದೆ ಮಾಡಿದೆ.

ನನ್ನ ನಂತರ ಯಾರು ತೆರೆಯಬೇಕು? ಹಿರಿಯರ ಷರತ್ತು ‘ನಾನು ಇರೋ ತನಕ’ ಎಂದು. ಅವರು ಹೋಗಿ, ನಾನೂ ಹೋದ ಮೇಲೆ ಎಲ್ಲವೂ ಕಲಸಿದ ಅಕ್ಷರವಾಗಿಯೇ ಉಳಿದರೆ ಬರೆದದ್ದು ವ್ಯರ್ಥ. ಎಂಟು ಪದಗಳಲ್ಲಿ ನಾಲ್ಕನ್ನು ಒಬ್ಬರಿಗೆ, ನಾಲ್ಕನ್ನು ಇನ್ನೊಬ್ಬರಿಗೆ ಕೊಡೋಣ ಎಂದುಕೊಂಡಿದ್ದೆ. ಲೆಕ್ಕ ಹಾಕಿದರೆ, ನಾಲ್ಕು ಗೊತ್ತಿದ್ದವರಿಗೆ ಉಳಿದ ನಾಲ್ಕಕ್ಕೆ ಸಾಧ್ಯತೆ ಬರೀ 217 ಕೋಟಿ ಚಿಲ್ಲರೆ. ಮನುಷ್ಯರಿಗೆ ಅದು ದೊಡ್ಡದು, ಯಂತ್ರಕ್ಕೆ ಅಲ್ಲ. ಅದನ್ನು ಬಿಟ್ಟೆ. ಈಗ ಎಂಟೂ ಪದ ಇರುವ ಮೊಹರು ಹಾಕಿದ ಲಕೋಟೆ ಪುಣೆಯಲ್ಲಿದೆ. ಪೆಟ್ಟಿಗೆಯ ಪ್ರತಿ ಇರುವ ಪೆನ್‌ಡ್ರೈವ್ ಮುಲುಂಡಿನ ಗೆಳತಿಯ ಬಳಿ ಇದೆ. ಒಬ್ಬರಿಗೊಬ್ಬರು ಬೇಕು. ವರ್ಷಕ್ಕೊಮ್ಮೆ ಪೆನ್‌ಡ್ರೈವ್ ತರಿಸಿ, ತೆರೆಯುತ್ತದೆಯೇ ಎಂದು ನೋಡುತ್ತೇನೆ.

ಈ ಕೆಲಸ ಯಾಕಿಷ್ಟು ಎಂದು ಮಗಳು ಒಮ್ಮೆ ಕೇಳಿದಳು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ಮೊಕದ್ದಮೆಯಲ್ಲಿ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹೊತ್ತಿಗೆ ಅವರಿಗೆ ತೊಂಬತ್ತು ದಾಟಿತ್ತು. ಅಷ್ಟು ವಯಸ್ಸಿನಲ್ಲೂ ಮನುಷ್ಯನಿಗೆ ತನ್ನದೆಂಬುದು ತನ್ನದೇ ಎಂದು ಅವಳಿಗೆ ಹೇಳಿದೆ. ಕಪ್ಪುಬಸಿ ತೊಳೆದವರಿಗೂ ಅಷ್ಟೇ.

ಪಟ್ಟಿಗೆ ಇನ್ನೂ ಮೂವತ್ತಾರು ಪದ ಬೇಕಿತ್ತು. ನನಗೆ ನೆನಪಾದದ್ದು ಅಣ್ಣ. ಐದಾರು ತಿಂಗಳಾಗಿತ್ತು, ಹೋಗಲು ಸಂಕೋಚ. ಆದರೂ ಹೋದೆ. ಕತೆ ಕೇಳಲು ಬಂದಿಲ್ಲ, ಅಡುಗೆಮನೆಯ ಹಳೆಯ ಪದ ಬೇಕು ಎಂದೆ. ಯಾಕೆ ಎಂದು ಕೇಳಿದರು. ದಾಳ, ಪಟ್ಟಿ, ಎಂಟು ಪದ ಎಲ್ಲವನ್ನೂ ವಿವರಿಸಿದೆ. “ಅಂದ್ರೆ ನಾನು ಹೇಳೋ ಪದ ಬೀಗಕ್ಕೆ ಬೀಳ್ತದಾ?” ಎಂದರು. ಬೀಳಬಹುದು, ಬೀಳದೆಯೂ ಇರಬಹುದು, ಬಿದ್ದರೂ ನಿಮಗೆ ಗೊತ್ತಾಗುವುದಿಲ್ಲ ಎಂದೆ. ಕಣ್ಣು ಮುಚ್ಚಿಕೊಂಡು ಒಂದೊಂದೇ ಹೇಳತೊಡಗಿದರು. ಮರಿಗೆ. ಗೆರಸೆ. ಚಿಮಟ. ಕೆಂಡ. ಹಿಟ್ಟಿನ ಕೊಳಗ. ಕಾವಲಿಗೆ ಎಣ್ಣೆ ಸವರುವ ತೆಂಗಿನ ನಾರು. ಮೂವತ್ತಾರು ಮುಗಿದ ಮೇಲೂ ನಿಲ್ಲಿಸಲಿಲ್ಲ.

ಆಮೇಲೆ ಚಹಾ ತರಿಸಿದರು. ಅರ್ಧ ಲೋಟ ಕುಡಿದು, “ಅವತ್ತು ಎಲ್ಲಿಗೆ ನಿಲ್ಸಿದ್ದೆ ಮೇಡಂ?” ಎಂದರು. ನಾನು ಹೇಳಿದೆ. ಅಲ್ಲಿಂದ ಮುಂದಕ್ಕೆ ಎರಡು ಗಂಟೆ ಮಾತಾಡಿದರು. ಮನೆಗೆ ಬಂದು ಅಷ್ಟನ್ನೂ ಬರೆದು ಪೆಟ್ಟಿಗೆಯೊಳಗೆ ಇಟ್ಟೆ. ಕಡತದ ಮೇಲೆ ಇರುವುದು 14 ಎಂಬ ಅಂಕಿ ಮಾತ್ರ.