ಬೀಳು ಹೊಲದಲ್ಲಿ ಟಿಟ್ಟಿಭಕ್ಕೆ ಜಾಗ ಮಾಡಿಕೊಡುವುದು ಹೇಗೆ?

ಚಳ್ಳಕೆರೆ ಕಡೆಯ ನಮ್ಮ ಹೊಲ ಪೂರಾ ಮಳೆಯಾಶ್ರಿತ. ಅದರಲ್ಲಿ ಕಲ್ಲು ಜಾಸ್ತಿ ಇರುವ ಒಂದು ತುಂಡನ್ನು ಬೀಳು ಬಿಟ್ಟಿದ್ದೆ. ಒಂದು ವರ್ಷ ಕೃತ್ತಿಕೆ ಮಳೆ ಚೆನ್ನಾಗಿ ಬಿತ್ತು. ಮಾರನೇ ದಿನವೇ ಬಾಡಿಗೆ ಟ್ರ್ಯಾಕ್ಟರ್ ಕರೆಸಿದೆ. ಉಳುಮೆ ಶುರುವಾದಾಗಿನಿಂದ ಒಂದು ಜೋಡಿ ಟಿಟ್ಟಿಭ, ಅಂದರೆ ಲ್ಯಾಪ್‌ವಿಂಗ್ ಹಕ್ಕಿಗಳು, ಟ್ರ್ಯಾಕ್ಟರಿನ ಮೇಲೇ ಹಾರುತ್ತಾ ಕೂಗುತ್ತಿದ್ದವು. ಮಣ್ಣಿನಿಂದ ಎದ್ದ ಹುಳಕ್ಕೆ ಬಂದಿರಬೇಕು ಅಂದುಕೊಂಡೆ. ಸಂಜೆ ಹೊಲ ಸುತ್ತುವಾಗ ಸಾಲಿನ ಮಗ್ಗುಲಲ್ಲಿ ಚುಕ್ಕೆ ಚುಕ್ಕೆಯ ಮೊಟ್ಟೆ ಚಿಪ್ಪು ಕಾಣಿಸಿತು. ಹಕ್ಕಿಗಳು ಅಲ್ಲೇ ನಿಂತಿದ್ದವು. ಕೂಗುವುದನ್ನೂ ನಿಲ್ಲಿಸಿದ್ದವು.

ಆ ಉಳುಮೆ ಅವತ್ತೇ ಆಗಬೇಕಾಗಿರಲಿಲ್ಲ. ಆ ತುಂಡಿನಲ್ಲಿ ನಾನು ಬಿತ್ತುವುದೂ ಇರಲಿಲ್ಲ. ಸುಮ್ನೆ, ಹದ ಇದೆ ಅಂತ ಉತ್ತಿದ್ದೆ. ಈ ಲೇಖನ ಬರೆಯುತ್ತಿರುವುದು ಅದಕ್ಕೇ. ಬೀಳು ಬಿಟ್ಟ ಮಾತ್ರಕ್ಕೆ ಹಕ್ಕಿಗೆ ಅನುಕೂಲ ಆಗುವುದಿಲ್ಲ. ಕೈಬಿಟ್ಟರೆ ಅದು ಬಳ್ಳಾರಿ ಜಾಲಿಯ ಪಾಲು. ಕೈಹಾಕಿದರೆ ತಪ್ಪು ಹೊತ್ತಿನಲ್ಲಿ ಹಾಕುತ್ತೇವೆ. ಮಾಡಬೇಕಾದ ಕೆಲಸ ಹೆಚ್ಚಿಲ್ಲ, ಆದರೆ ಅದನ್ನು ಯಾವಾಗ ಮಾಡುತ್ತೇವೆ ಎನ್ನುವುದು ತುಂಬಾ ಮುಖ್ಯ.

ಮೊದಲು: ಯಾರು ಗೂಡು ಮಾಡುತ್ತಾರೆ ನೋಡಿ

ಬಯಲುಸೀಮೆಯ ಬೀಳಿನಲ್ಲಿ ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿಗಳು ಹಲವು. ಕೆಂಪು ಟಿಟ್ಟಿಭ, ಹಳದಿ ಟಿಟ್ಟಿಭ, ನೆಲಗುಬ್ಬಿ, ಗೌಜಲಕ್ಕಿ, ಬುರ್ಲಿ. ಇವುಗಳಲ್ಲಿ ಎರಡು ಗುಂಪು. ಟಿಟ್ಟಿಭ ಮತ್ತು ನೆಲಗುಬ್ಬಿಗೆ ಬೋಳು ನೆಲ ಬೇಕು. ಕೂತಲ್ಲಿಂದಲೇ ನಾಲ್ಕೂ ದಿಕ್ಕು ಕಾಣಬೇಕು. ಗೌಜಲಕ್ಕಿ ಮತ್ತು ಬುರ್ಲಿಗೆ ಮರೆ ಬೇಕು. ಹುಲ್ಲಿನ ಬುಡ, ಪೊದೆಯ ಅಡಿ ಅವುಗಳ ಜಾಗ.

ಟಿಟ್ಟಿಭದ ಗೂಡು ಅಂದರೆ ನೆಲದಲ್ಲಿ ಅಂಗೈಯಷ್ಟು ಗುಳಿ, ಸುತ್ತ ಒಂದಿಷ್ಟು ಹರಳುಕಲ್ಲು, ಆಡಿನ ಹಿಕ್ಕೆ. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖ. ಎರಡು ಮಾರು ದೂರದಲ್ಲಿ ನಿಂತರೂ ಕಲ್ಲು ಯಾವುದು, ಮೊಟ್ಟೆ ಯಾವುದು ಗೊತ್ತಾಗುವುದಿಲ್ಲ. ಗೂಡು ಹುಡುಕಿಕೊಂಡು ಹೋಗುವ ಅಗತ್ಯವೂ ಇಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಬೆಳಗ್ಗೆ ಬದುವಿನ ಮೇಲೆ ಅರ್ಧ ಗಂಟೆ ಕೂತರೆ ಸಾಕು. ಒಂದೇ ಜೋಡಿ ದಿನವೂ ಒಂದೇ ಮೂಲೆಯಲ್ಲಿ ಓಡಾಡುತ್ತಿದ್ದರೆ, ನೀವು ಹತ್ತಿರ ಹೋದಾಗ ಮೇಲೆ ಬಂದು ಗಲಾಟೆ ಮಾಡಿದರೆ, ಆ ಜಾಗ ಅವುಗಳದ್ದು ಅಂತ ತಿಳಿಯಿರಿ.

ಜಾಗ ಆರಿಸುವುದು

ಅರ್ಧ ಎಕರೆಯಿಂದಲೂ ಶುರು ಮಾಡಬಹುದು. ಆದಷ್ಟೂ ಚೌಕವಾಗಿರಲಿ. ಬದುವಿನುದ್ದದ ಕಿರಿದಾದ ಪಟ್ಟಿ ಟಿಟ್ಟಿಭಕ್ಕೆ ಆಗುವುದಿಲ್ಲ. ಮುಂಗುಸಿ, ನಾಯಿ ಓಡಾಡುವುದು ಬದುವಿನ ಗುಂಟವೇ ಅಲ್ವಾ? ದೊಡ್ಡ ಮರಗಳ ಸಾಲು, ಕರೆಂಟ್ ಕಂಬ, ಮನೆ, ದಾರಿ, ಇವುಗಳಿಂದ ದೂರದ ತುಂಡು ಒಳ್ಳೆಯದು. ಮರದ ಮೇಲಿನ ಕಾಗೆಗೆ ಮೊಟ್ಟೆ ಬಿಟ್ಟು ಹೋಗುವ ಹಕ್ಕಿ ಸುಲಭವಾಗಿ ಕಾಣುತ್ತದೆ.

ಅಷ್ಟೂ ಜಾಗ ಇಲ್ಲದವರಿಗೆ ಇಂಗ್ಲೆಂಡಿನ ಒಂದು ದಾರಿ ಹೇಳುತ್ತೇನೆ. ಅಲ್ಲಿ ಗೋಧಿ ಬಿತ್ತುವಾಗ ನಡುನಡುವೆ ಕೂರಿಗೆ ಎತ್ತಿ, 16 ಚದರ ಮೀಟರಿನ ತುಂಡುಗಳನ್ನು ಬಿತ್ತದೆ ಬಿಡುತ್ತಾರೆ. ಹೆಕ್ಟೇರಿಗೆ ಎರಡು ತುಂಡು. ಅದು ನಮ್ಮ ನೆಲಗುಬ್ಬಿಯ ಬಳಗದ ಸ್ಕೈಲಾರ್ಕ್ ಹಕ್ಕಿಗಾಗಿ. ಆ ಹಕ್ಕಿಗಳು ಅಲ್ಲಿ ಇಳಿದು ಮರಿಗೆ ಹುಳ ಹೆಕ್ಕುತ್ತವೆ. ಶೇಂಗಾ ಹೊಲದಲ್ಲಿ ಹೇಗೂ ಬೆಳೆ ಸರಿಯಾಗಿ ಬಾರದ ಕಲ್ಲು ತೇಪೆಗಳಿರುತ್ತವೆ. ಅವನ್ನು ಹಾಗೇ ಬಿಡಬಹುದು.

ಜಾಲಿ ಕೀಳಿ, ಸಸಿ ನೆಡಬೇಡಿ

ಬೀಳಿಗೆ ಮೊದಲ ಶತ್ರು ಬಳ್ಳಾರಿ ಜಾಲಿ. ಎರಡು ಮೂರು ವರ್ಷ ಬಿಟ್ಟರೆ ಹೊಲವೆಲ್ಲ ಅದೇ. ಅದು ದಟ್ಟವಾದ ಕಡೆ ಟಿಟ್ಟಿಭವೂ ಇಲ್ಲ, ನೆಲಗುಬ್ಬಿಯೂ ಇಲ್ಲ. ಹಂದಿ ಮಲಗುತ್ತದೆ, ಅಷ್ಟೆ. ಮೇಲೆ ಕಡಿದರೆ ಬುಡದಿಂದ ಇನ್ನೂ ಜೋರಾಗಿ ಚಿಗುರುತ್ತದೆ. ಮಳೆಯಾಗಿ ನೆಲ ಮೆತ್ತಗಿರುವಾಗ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಬೇರು ಸಮೇತ ಕೀಳಿ. ದೊಡ್ಡ ಬುಡವಾದರೆ ಒಂದಡಿ ಆಳದ ತನಕ ಅಗೆದು ತೆಗೆಯಬೇಕು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತುಬಿಡಿ. ಕೈಗೆ ಗವಸು ಇರಲಿ, ಅದು ಚರ್ಮಕ್ಕೆ ಆಗದ ಗಿಡ. ಹೀಗೆ ಮಾಡಿದರೆ ನಿಮ್ಮ ಬೀಳಿನ ಕಳೆ ಬೀಜ ಬಂತು ಅಂತ ಪಕ್ಕದ ಹೊಲದವರೂ ದೂರುವುದಿಲ್ಲ.

ಬದುವಿನಲ್ಲಿರುವ ತಂಗಡಿ, ಕಾರೆ, ಎಲಚಿ ಪೊದೆಗಳನ್ನು ಮುಟ್ಟಬೇಡಿ. ಗೌಜಲಕ್ಕಿಯ ಗೂಡು ಅಲ್ಲಿಯೇ. ಒಣಗಿ ನಿಂತ ಈಚಲು ಮರ ಇದ್ದರೆ ಇರಲಿ. ಅದರ ಪೊಟರೆಯಲ್ಲಿ ನಮ್ಮ ರಾಜ್ಯಪಕ್ಷಿ ನೀಲಕಂಠ ಮರಿ ಮಾಡಬಹುದು, ಹಾಲಕ್ಕಿಯೂ ಮಾಡಬಹುದು. ಕುಸಿದ ಬದುವಿನ ನೆಟ್ಟಗಿನ ಮಣ್ಣುಗೋಡೆಯನ್ನು ಬೇಸಿಗೆಯಲ್ಲಿ ಸರಿ ಮಾಡಲು ಹೋಗಬೇಡಿ. ಕಳ್ಳಿಪೀರ ಅದರಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಖಾಲಿ ಬಯಲು ಕಂಡರೆ ಸಸಿ ನೆಡಬೇಕು ಅನ್ನಿಸುವುದು ಒಳ್ಳೆಯ ಮನಸ್ಸಿನವರಿಗೇ. ಆದರೆ ಬಯಲಿನ ಹಕ್ಕಿಗೆ ಬಯಲೇ ಮನೆ. ಸರ್ಕಾರದ ನಕ್ಷೆಗಳಲ್ಲೂ ಇಂಥ ಕುರುಚಲು ನೆಲವನ್ನು ಪಾಳುಭೂಮಿ ಅಂತಲೇ ಗುರುತಿಸುತ್ತಾರೆ. ನೆಲ ಪಾಳಾಗಿಲ್ಲ. ಒಳ್ಳೆಯ ಬಯಲು ಹೇಗಿರುತ್ತದೆ ನೋಡಬೇಕಾದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ 798 ಎಕರೆ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಆಯಿತು. ಇನ್ನು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಕಾಣಿಸಿಕೊಂಡಿರುವ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಳಿವಿನ ಅಂಚಿನಲ್ಲಿದೆ. ಅದೂ ಬಯಲಿನಲ್ಲಿ ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುವ ಹಕ್ಕಿ.

ಉಳುಮೆ: ಶಿವರಾತ್ರಿಯೊಳಗೆ

ಉಳಲೇಬೇಡಿ ಅಂತ ನಾನು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಉಳುಮೆ ಆದರೆ ಹುಲ್ಲು ದಟ್ಟವಾಗದೆ ನೆಲ ಬೋಳಾಗಿ ಉಳಿಯುತ್ತದೆ. ಟಿಟ್ಟಿಭಕ್ಕೆ ಅದು ಇಷ್ಟ. ಜನವರಿ ಫೆಬ್ರುವರಿಯಲ್ಲಿ ಒಂದು ಸಲ ಕಲ್ಟಿವೇಟರ್ ಆಡಿಸಿ. ಮೇಲುಮೇಲೆ ಸಾಕು. ಹೆಂಟೆ ಹೆಂಟೆಯಾಗಿ ಬಿಡಿ. ರೋಟವೇಟರ್ ಹಾಕಿ ನುಣ್ಣಗೆ ಮಾಡಬೇಡಿ. ಹೆಂಟೆಯ ನೆರಳು, ಕಲ್ಲಿನ ಮರೆ ಮರಿಗೆ ಬೇಕು. ಬದುವಿನಿಂದ ನಾಲ್ಕೈದು ಮಾರು ಒಳಗೆ ಉತ್ತರೆ ಅಂಚಿನ ಹುಲ್ಲು ಬುರ್ಲಿಗೆ ಉಳಿಯುತ್ತದೆ. ಹೀಗೆ ಒಂದೇ ತುಂಡು ಎರಡೂ ಗುಂಪಿಗೆ ಆಗುತ್ತದೆ.

ಶಿವರಾತ್ರಿ ಹೊತ್ತಿಗೆ ಈ ಕೆಲಸ ಮುಗಿಯಬೇಕು. ಆಮೇಲೆ ಪುನರ್ವಸು ಮಳೆ ಮುಗಿಯುವ ತನಕ, ಅಂದರೆ ಹೆಚ್ಚುಕಡಿಮೆ ಜುಲೈ 20ರ ತನಕ, ಆ ತುಂಡಿಗೆ ಟ್ರ್ಯಾಕ್ಟರ್ ಬೇಡ, ಎತ್ತು ಬೇಡ, ಕುಂಟೆಯೂ ಬೇಡ.

ಯಾಕೆ ಅಷ್ಟು ದಿನ? ಹಳದಿ ಟಿಟ್ಟಿಭ ಹೆಚ್ಚಾಗಿ ಮಾರ್ಚ್‌ನಿಂದ ಮೇ ತನಕ ಮೊಟ್ಟೆ ಇಡುತ್ತದೆ. ಕೆಂಪು ಟಿಟ್ಟಿಭ ಮಾರ್ಚ್‌ನಿಂದ ಆಗಸ್ಟ್ ತನಕ. ಕಾವಿಗೆ 28ರಿಂದ 30 ದಿನ ಬೇಕು. ಮೊಟ್ಟೆಯೊಡೆದ ಮರಿ ಒಂದು ದಿನದೊಳಗೆ ಗೂಡು ಬಿಟ್ಟು ಓಡಾಡುತ್ತದೆ, ನಿಜ. ಆದರೆ ಹಾರಲು ಇನ್ನೂ ಒಂದು ತಿಂಗಳ ಮೇಲೆ ಬೇಕು. ಅಷ್ಟರಲ್ಲಿ ಅಪಾಯ ಕಂಡರೆ ಅದು ಓಡುವುದಿಲ್ಲ. ತಾಯಿ ಕೂಗಿದ ಕೂಡಲೇ ನೆಲಕ್ಕೆ ಅಂಟಿ ಅಲುಗದೆ ಕೂರುತ್ತದೆ. ಹದ್ದಿನಿಂದ ಪಾರಾಗಲು ಅದು ಒಳ್ಳೆಯ ಉಪಾಯ, ಟ್ರ್ಯಾಕ್ಟರಿನ ಮುಂದೆ ಅದೇ ಸಾವು. ಇತ್ತ ನಾವು ನೇಗಿಲು ಕಟ್ಟುವುದು ಏಪ್ರಿಲ್ ಕೊನೆಯಿಂದ ಮೇ 24ರ ತನಕದ ಭರಣಿ, ಕೃತ್ತಿಕೆ ಮಳೆಗೆ. ಎರಡೂ ಒಂದರ ಮೇಲೊಂದು ಬಂದು ಕೂತಿವೆ.

ಬಿತ್ತುವ ಹೊಲದಲ್ಲಿ ಉಳದೆ ಆಗದು, ಅದು ಸರಿ. ಬಿತ್ತದ ತುಂಡಿನಲ್ಲಿ ಕಾಯಬಹುದು.

ಬಿತ್ತುವ ಹೊಲದಲ್ಲೇ ಗೂಡು ಸಿಕ್ಕರೆ

ನೆದರ್ಲೆಂಡ್ಸ್‌ನಲ್ಲಿ ಅಲ್ಲಿನ ಟಿಟ್ಟಿಭದ ಗೂಡಿನ ಪಕ್ಕ ಸ್ವಯಂಸೇವಕರು ಕೋಲು ನೆಡುತ್ತಾರೆ. ರೈತರು ಅದನ್ನು ನೋಡಿ ಯಂತ್ರವನ್ನು ಗೂಡಿಗೆ ತಾಗದಂತೆ ಸುತ್ತು ಹಾಕಿ ಒಯ್ಯುತ್ತಾರೆ. ನಾವೂ ಅದನ್ನೇ ಮಾಡಬಹುದು. ಗೂಡಿನ ಆಚೆ ಈಚೆ, ಎರಡೆರಡು ಮಾರು ದೂರದಲ್ಲಿ, ಸಾಲಿನ ದಿಕ್ಕಿಗೆ ಎರಡು ಗಿಡ್ಡ ಕೋಲು ನೆಡಿ. ಬಣ್ಣದ ಬಟ್ಟೆ ಕಟ್ಟಬೇಡಿ, ಕಾಗೆಗೂ ಹುಡುಗರಿಗೂ ಗುರುತು ಸಿಗುತ್ತದೆ. ಡ್ರೈವರ್‌ಗೆ ಮೊದಲೇ ಕರೆದು ತೋರಿಸಿ. "ಅಣ್ಣಾ, ಈ ಎರಡು ಕೋಲಿನ ನಡುವೆ ಹಾಯಿಸಬೇಡ, ಸುತ್ತು ಹಾಕು" ಅಂದರೆ ಸಾಕು. ಇಲ್ಲ ಅಂದವರನ್ನು ನಾನು ಇನ್ನೂ ಕಂಡಿಲ್ಲ.

ಮೊಟ್ಟೆ ಎತ್ತಿ ಬೇರೆ ಕಡೆ ಇಡಬೇಡಿ. ಹಕ್ಕಿ ಅಲ್ಲಿಗೆ ಬಂದು ಕೂರುತ್ತದೆ ಅಂತ ನಂಬುವಂತಿಲ್ಲ. ಗೂಡಿನ ಹತ್ತಿರ ಕೆಲಸ ಇದ್ದರೆ ಬೆಳಗ್ಗೆ ಬೇಗ ಮುಗಿಸಿ. ಏಪ್ರಿಲ್ ಬಿಸಿಲಿನಲ್ಲಿ ಟಿಟ್ಟಿಭ ಕೂರುವುದು ಕಾವಿಗಿಂತ ಹೆಚ್ಚಾಗಿ ನೆರಳಿಗೆ. ಹೊಟ್ಟೆಯ ಗರಿಯನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಣಿಸುತ್ತದೆ. ಮಧ್ಯಾಹ್ನ ನೀವು ಫೋಟೊ ತೆಗೆಯುತ್ತಾ ಹತ್ತು ನಿಮಿಷ ನಿಂತರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ.

ಕುರಿ, ನಾಯಿ, ಬೆಂಕಿ, ಔಷಧಿ

ಕುರಿ ಮಂದೆ ಬೀಳಿಗೆ ಒಳ್ಳೆಯದೇ. ಹುಲ್ಲು ಗಿಡ್ಡ ಆಗುತ್ತದೆ, ಗೊಬ್ಬರ ಬೀಳುತ್ತದೆ. ಮಂದೆ ಹಾಕಿಸುವುದಿದ್ದರೆ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹಾಕಿಸಿ. ಮಾರ್ಚ್ ಆದ ಮೇಲೆ ಬೇಡ, ಗೊರಸಿಗೆ ಸಿಕ್ಕ ಮೊಟ್ಟೆ ಉಳಿಯುವುದಿಲ್ಲ. ಕುರಿ ಕಾಯುವವರಿಗೆ ಗೂಡಿನ ಜಾಗ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳಿ. ನಿಮ್ಮ ನಾಯಿಯನ್ನು ಮಾರ್ಚ್‌ನಿಂದ ಜುಲೈ ತನಕ ಅತ್ತ ಬಿಡಬೇಡಿ.

ಬೇಸಿಗೆಯಲ್ಲಿ ಬದುವಿನ ಹುಲ್ಲಿಗೆ ಬೆಂಕಿ ಇಡುವುದು ನಿಲ್ಲಲೇಬೇಕು. ಗೌಜಲಕ್ಕಿ ಒಂದು ಗೂಡಿನಲ್ಲಿ ಆರೆಂಟು ಮೊಟ್ಟೆ ಇಟ್ಟಿರುತ್ತದೆ. ಬೀಳಿಗೆ ಕಳೆನಾಶಕವೂ ಬೇಡ, ಕೀಟನಾಶಕವೂ ಬೇಡ. ಪಕ್ಕದ ಬೆಳೆಗೆ ಹೊಡೆಯುವಾಗ ಗಾಳಿ ಬೀಳಿನ ಕಡೆ ಬೀಸದ ಹೊತ್ತು ನೋಡಿಕೊಳ್ಳಿ. ಕಾಳು ತಿನ್ನುವ ಹಕ್ಕಿಗಳೂ ಮರಿಗೆ ಮೊದಲು ಕೊಡುವುದು ಹುಳುವನ್ನೇ.

ಉರುಲು, ಬಲೆ ಕಂಡರೆ ತೆಗೆದುಹಾಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಗೌಜಲಕ್ಕಿ, ಬುರ್ಲಿ ಹಿಡಿಯುವುದು ಅಪರಾಧ.

ನೀರು

ಮೂಲೆಯಲ್ಲಿ ಅಗಲವಾದ ಮಣ್ಣಿನ ತಟ್ಟೆಯೊಂದನ್ನು ನೆಲಮಟ್ಟಕ್ಕೆ ಹೂತು, ಒಳಗೆ ಎರಡು ಕಲ್ಲಿಟ್ಟು ನೀರು ತುಂಬಿಸಿ. ಎರಡು ಬೆರಳು ಆಳ ಸಾಕು.

ಕೃಷಿ ಹೊಂಡ ಇರುವವರು ಇದನ್ನು ಮರೆಯಬೇಡಿ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯಲ್ಲಿ ಹೊಂಡಗಳು ಹೆಚ್ಚಾದವು. ಪ್ಲಾಸ್ಟಿಕ್ ಹಾಸಿದ ಕಡಿದಾದ ಬದಿಗೆ ಮರಿ ಇಳಿದರೆ ಮೇಲೆ ಹತ್ತಲು ಆಗುವುದಿಲ್ಲ. ಹಳೇ ಗೋಣಿತಾಟನ್ನು ದಡದಲ್ಲಿ ಬಿಗಿದು ನೀರಿನ ತನಕ ಇಳಿಬಿಡಿ. ಒಂದೊಂದು ಬದಿಗೆ ಒಂದೊಂದು. ಓತಿ, ಅಳಿಲಿಗೂ ಅದೇ ಏಣಿ.

ಜುಲೈ ನಂತರ

ಇಷ್ಟೆಲ್ಲ ಮಾಡಿದರೆ ವರ್ಷದ ಬೆಳೆ ಹೋಯಿತಲ್ಲ ಅಂತ ನೀವು ಕೇಳಬಹುದು. ಹೋಗಬೇಕಾಗಿಲ್ಲ. ಜುಲೈ ಕೊನೆಗೆ ಒಂದು ಸಲ ಹೊಲ ನಡೆದು ನೋಡಿ. ತಲೆ ಮೇಲೆ ಹಾರಿ ಬೈಯುವ ಜೋಡಿ ಇನ್ನೂ ಇದ್ದರೆ ಎರಡು ವಾರ ಬಿಡಿ, ಮರಿ ಇನ್ನೂ ಹಾರಿಲ್ಲ. ಗಲಾಟೆ ನಿಂತ ಮೇಲೆ ಉತ್ತು, ಆಗಸ್ಟ್ ಕೊನೆಗೋ ಸೆಪ್ಟೆಂಬರ್‌ನಲ್ಲೋ ಹುರುಳಿ ಚೆಲ್ಲಿ. ತಡವಾದ ಬಿತ್ತನೆಗೆ, ಬಡ ನೆಲಕ್ಕೆ ಹುರುಳಿಯಷ್ಟು ಹೊಂದುವ ಬೆಳೆ ಇನ್ನೊಂದಿಲ್ಲ. ಹುರುಳಿ ಕಿತ್ತ ಮೇಲೆ ನೆಲ ಹೇಗೂ ಬೋಳಾಗಿರುತ್ತದೆ. ಉದುರಿದ ಕಾಳು ಗೌಜಲಕ್ಕಿಗೆ ಸಿಗುತ್ತದೆ. ಆಮೇಲೆ ಒಂದು ಸಲ ಕಲ್ಟಿವೇಟರ್ ಆಡಿಸಿದರೆ, ಶಿವರಾತ್ರಿಯ ಹೊತ್ತಿಗೆ ತುಂಡು ಮತ್ತೆ ಟಿಟ್ಟಿಭಕ್ಕೆ ಸಿದ್ಧ.